ಆಸೆಯಿಂದ ಕೊಂಡ ಸ್ಟ್ರಾಟಜಿ ಆಟ ಅರ್ಧದಲ್ಲೇ ಬೇಸರ ತರಿಸಿದರೆ ತಪ್ಪು ಯಾರದು?

ಪ್ರಶ್ನೆ: ನಾಗರಿಕತೆಯನ್ನು ಕಟ್ಟಿ ಬೆಳೆಸುವ ಒಂದು ಸ್ಟ್ರಾಟಜಿ ಆಟದ ಹಿಂದಿನ ಭಾಗವನ್ನು ನಾನು ಮತ್ತು ನನ್ನ ತಮ್ಮ ಕಾಲೇಜಿನ ದಿನಗಳಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಕುಳಿತು ಆಡುತ್ತಿದ್ದೆವು. ಹೊಸ ಭಾಗಕ್ಕಾಗಿ ವರ್ಷಗಟ್ಟಲೆ ಕಾದು, ಬಿಡುಗಡೆಯಾದ ವಾರವೇ ಕೊಂಡೆ. ಮೊದಲ ಎರಡು ಸಂಜೆ ಖುಷಿಯಾಯಿತು. ಆಮೇಲೆ ಪ್ರತಿ ಸಲವೂ ಆಟ ಅರ್ಧಕ್ಕೆ ಬರುವಷ್ಟರಲ್ಲಿ ಬೇಸರವಾಗಿ ಮುಚ್ಚಿಬಿಡುತ್ತೇನೆ, ಹೊಸದಾಗಿ ಮತ್ತೊಂದನ್ನು ಶುರುಮಾಡುತ್ತೇನೆ. ಈ ನಡುವೆ ಮನೆಯಲ್ಲೂ ಬಹಳ ಬದಲಾಗಿದೆ. ಮಗಳಿಗೆ ಏಳು ತಿಂಗಳು, ಅಪ್ಪ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ನಮ್ಮ ಜೊತೆಗೇ ಇದ್ದಾರೆ, ನನ್ನ ಕೆಲಸದ ಪಾಳಿ ಬದಲಾಗಿದೆ, ತಮ್ಮ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದಾನೆ. ಆಟವೇ ಚೆನ್ನಾಗಿಲ್ಲವೋ, ನನಗೇ ಆಡುವ ಮನಸ್ಸು ಹೋಗಿದೆಯೋ ತಿಳಿಯುತ್ತಿಲ್ಲ. ಸರಿಹೋಗುತ್ತದೆಂದು ಕಾಯಬೇಕೇ, ಬಿಟ್ಟುಬಿಡಬೇಕೇ?

ಉತ್ತರ: ಮಗಳು ಹುಟ್ಟಿದ ಸಂತೋಷದ ಸುದ್ದಿಯನ್ನೂ ತಂದೆಯವರ ಚೇತರಿಕೆಯ ಸುದ್ದಿಯನ್ನೂ ಆಟದ ಪ್ರಶ್ನೆಯ ಜೊತೆಗೇ ಬರೆದಿದ್ದೀರಿ. ಹಾಗೆ ಬರೆದದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ಸುದ್ದಿಗಳಿಲ್ಲದೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಡಬಹುದಿತ್ತು. ಮೊದಲು ನನ್ನ ತೀರ್ಮಾನ ಹೇಳಿಬಿಡುತ್ತೇನೆ: ನಿಮ್ಮ ಬೇಸರದ ಮೂಲ ಆಟದಲ್ಲೇ ಇದೆ, ಮನೆಯಲ್ಲಿ ಆದ ಬದಲಾವಣೆಗಳು ಅದನ್ನು ನಿಮಗೆ ಬೇಗ ತೋರಿಸಿಕೊಟ್ಟವು, ಅಷ್ಟೆ. ಆಡುವ ಮನಸ್ಸೇ ಹೋದವರು ಆಟವನ್ನು ತೆರೆಯುವುದಿಲ್ಲ. ನೀವು ತೆರೆಯುತ್ತೀರಿ, ಹೊಸದಾಗಿ ಶುರುಮಾಡುತ್ತೀರಿ, ಆರಂಭದಲ್ಲಿ ಸಂತೋಷಪಡುತ್ತೀರಿ, ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಹಂತದಲ್ಲಿ ನಿಲ್ಲಿಸುತ್ತೀರಿ. ಎಲ್ಲರೂ ಒಂದೇ ಜಾಗದಲ್ಲಿ ಎಡವಿದರೆ ದಾರಿಯನ್ನು ನೋಡಬೇಕಾಗುತ್ತದೆ. ಒಬ್ಬರೇ ಪದೇ ಪದೇ ಅದೇ ಜಾಗದಲ್ಲಿ ಎಡವಿದರೂ ಅಷ್ಟೇ. ಹಾಗಿರುವಾಗ ನಿಮ್ಮನ್ನು ನೀವೇ ದೂರಿಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ಆ ಹಂತದಲ್ಲಿ ಏನಾಗುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಥ ಆಟದ ಮೊದಲ ಸರದಿಯಲ್ಲಿ ನಿಮ್ಮ ಬಳಿ ಇರುವುದು ನೆಲೆ ಹುಡುಕುವ ಒಂದು ವಲಸಿಗರ ಗುಂಪು ಮತ್ತು ಒಬ್ಬ ಯೋಧ. ಮೊದಲ ನಗರವನ್ನು ನದಿಯ ದಡದಲ್ಲಿ ಕಟ್ಟಬೇಕೋ, ಎರಡು ಹೆಜ್ಜೆ ಆಚೆಯ ಗುಡ್ಡದ ಮೇಲೋ ಎಂಬ ಒಂದೇ ಪ್ರಶ್ನೆ ಮುಂದಿನ ನೂರು ಸರದಿಗಳನ್ನು ತೀರ್ಮಾನಿಸುತ್ತದೆ. ಯೋಧನನ್ನು ಕಾಡಿನೊಳಗೆ ಕಳುಹಿಸಿದರೆ ಅವನು ಹಿಂದಿರುಗದೆ ಇರಬಹುದು, ಕಳುಹಿಸದಿದ್ದರೆ ಕಾಡಿನಾಚೆ ಯಾರಿದ್ದಾರೆಂದು ತಿಳಿಯುವುದಿಲ್ಲ. ಒಂದು ಗುಂಡಿ ಒತ್ತುವ ಮುನ್ನ ನೀವು ಐದು ನಿಮಿಷ ನಕ್ಷೆ ನೋಡುತ್ತೀರಿ, ಮತ್ತು ಆ ಐದು ನಿಮಿಷವೇ ಆಟದ ನಿಜವಾದ ಸುಖ.

ಈಗ ನೂರ ನಲವತ್ತನೆಯ ಸರದಿಗೆ ಬನ್ನಿ. ಹನ್ನೆರಡು ನಗರಗಳಿವೆ. ಅವುಗಳಲ್ಲಿ ನಾಲ್ಕು ನಗರಗಳು ಮುಂದೆ ಏನು ಕಟ್ಟಲಿ ಎಂದು ಒಟ್ಟಿಗೆ ಕೇಳುತ್ತವೆ. ಒಂದರಲ್ಲಿ ಉಗ್ರಾಣ ಕಟ್ಟಿದರೂ ಪಾಠಶಾಲೆ ಕಟ್ಟಿದರೂ ಒಟ್ಟು ಲೆಕ್ಕದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದಿಲ್ಲ. ಒಂದೇ ನಗರವಿದ್ದಾಗ ಅದರ ಆಯ್ಕೆಯೇ ಇಡೀ ರಾಜ್ಯದ ಭವಿಷ್ಯವಾಗಿತ್ತು. ಹನ್ನೆರಡಾದಾಗ ಪ್ರತಿ ಆಯ್ಕೆಯ ತೂಕ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿದಿದೆ, ಆದರೆ ಒತ್ತಬೇಕಾದ ಗುಂಡಿಗಳ ಸಂಖ್ಯೆ ಮಾತ್ರ ಹನ್ನೆರಡು ಪಟ್ಟು ಏರಿದೆ. ನಿರ್ಧಾರಗಳು ಹೆಚ್ಚಾಗುತ್ತಾ ಅವುಗಳ ತೂಕ ಇಳಿಯುತ್ತಾ ಹೋಗುವ ಈ ಜಾಗದಲ್ಲೇ ಸ್ಟ್ರಾಟಜಿ ಆಟಗಳು ಸೊರಗುತ್ತವೆ. ಆಟವೆಂದರೆ ಆಸಕ್ತಿ ಹುಟ್ಟಿಸುವ ನಿರ್ಧಾರಗಳ ಸರಣಿ ಎಂದು ಆಟ ವಿನ್ಯಾಸಕ ಸಿಡ್ ಮೇಯರ್ ಹೇಳಿದ್ದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. 1991ರಲ್ಲಿ ಬಂದ ಅವರ ಮೊದಲ ಸಿವಿಲೈಸೇಶನ್ ಆಟದಿಂದ ಇಂದಿನವರೆಗೂ ಈ ಬಗೆಯ ಆಟ ಮಾಡುವವರೆಲ್ಲರೂ ಆ ಆಸಕ್ತಿಯನ್ನು ಕೊನೆಯ ಸರದಿಯವರೆಗೆ ಉಳಿಸಿಕೊಳ್ಳಲು ಹೆಣಗುತ್ತಲೇ ಇದ್ದಾರೆ.

ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಈ ಆಟಗಳಲ್ಲಿ ಬೆಳವಣಿಗೆ ಚಕ್ರಬಡ್ಡಿಯ ಹಾಗೆ. ಹೆಚ್ಚು ಭೂಮಿ ಇದ್ದವನಿಗೆ ಹೆಚ್ಚು ಧಾನ್ಯ, ಹೆಚ್ಚು ಧಾನ್ಯ ಇದ್ದವನಿಗೆ ಹೆಚ್ಚು ಜನ, ಹೆಚ್ಚು ಜನ ಇದ್ದವನಿಗೆ ಹೆಚ್ಚು ವಿದ್ಯೆ, ಹೆಚ್ಚು ವಿದ್ಯೆ ಇದ್ದವನ ಕೈಗೆ ಉಳಿದವರಿಗಿಂತ ಮೊದಲು ಬಂದೂಕು. ನೂರನೆಯ ಸರದಿಯ ಹೊತ್ತಿಗೆ ಯಾರು ಗೆಲ್ಲುತ್ತಾರೆಂದು ಅನುಭವವಿರುವ ಆಟಗಾರನಿಗೆ ಗೊತ್ತಾಗಿಬಿಡುತ್ತದೆ, ಆದರೆ ಗೆಲುವಿನ ಪರದೆ ಕಾಣಲು ಇನ್ನೂ ಇನ್ನೂರು ಸರದಿ ಉಳಿದಿರುತ್ತವೆ. ನೀವು ಅರ್ಧದಲ್ಲಿ ಮುಚ್ಚುತ್ತಿರುವುದು ಬಹುಶಃ ಇಲ್ಲೇ. ಫಲಿತಾಂಶ ಗೊತ್ತಾದ ಮೇಲೂ ಲೆಕ್ಕಪತ್ರ ಬರೆಯುತ್ತಾ ಕೂರಲು ನಿಮ್ಮ ಮನಸ್ಸು ಒಪ್ಪುತ್ತಿಲ್ಲ, ಮತ್ತು ಅದು ಸರಿಯಾಗಿಯೇ ನಿರ್ಣಯಿಸುತ್ತಿದೆ.

ಆಟ ತಯಾರಿಸುವವರಿಗೆ ಇದು ಗೊತ್ತಿಲ್ಲವೆಂದಲ್ಲ. 2025ರ ಫೆಬ್ರವರಿಯಲ್ಲಿ ಬಂದ ಸಿವಿಲೈಸೇಶನ್ 7 ಆಟವನ್ನು ಪ್ರಾಚೀನ, ಅನ್ವೇಷಣೆ, ಆಧುನಿಕ ಎಂಬ ಮೂರು ಯುಗಗಳಾಗಿ ಒಡೆದದ್ದು ಬಹುಮಟ್ಟಿಗೆ ಈ ಕಾಯಿಲೆಗೆ ಮದ್ದು ಹುಡುಕುವ ಪ್ರಯತ್ನವೇ. ಅದು ಬಿಡುಗಡೆಯಾದಾಗ ಮೊದಲ ಎರಡು ಯುಗಗಳ ಕೊನೆಯಲ್ಲಿ ಒಂದು ವಿಪತ್ತಿನ ಕಾಲ ಬರುತ್ತಿತ್ತು, ನಂತರ ಓಟದ ಆರಂಭದ ಗೆರೆಯನ್ನು ಸ್ವಲ್ಪ ಮಟ್ಟಿಗೆ ಮತ್ತೆ ಎಳೆಯಲಾಗುತ್ತಿತ್ತು, ಆಟಗಾರ ತನ್ನ ನಾಗರಿಕತೆಯನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಬೇಕಿತ್ತು. 2021ರಲ್ಲಿ ಬಂದ ಹ್ಯೂಮನ್‌ಕೈಂಡ್ ಎಂಬ ಆಟದಲ್ಲೂ ಯುಗ ಬದಲಾದಂತೆ ಸಂಸ್ಕೃತಿ ಬದಲಿಸುವ ಏರ್ಪಾಡಿತ್ತು. ಲೆಕ್ಕದ ದೃಷ್ಟಿಯಿಂದ ಇದು ಬುದ್ಧಿವಂತಿಕೆಯ ಪರಿಹಾರ. ಆದರೆ ಕಲ್ಲಿನ ಯುಗದಿಂದ ಕೈಹಿಡಿದು ನಡೆಸಿಕೊಂಡು ಬಂದ ಜನರು ಇದ್ದಕ್ಕಿದ್ದಂತೆ ಬೇರೆ ಹೆಸರಿನವರಾದಾಗ ಬಹಳ ಆಟಗಾರರಿಗೆ ಏನೋ ಕಡಿದುಹೋದಂತಾಯಿತು, ಮತ್ತು ಸಿವಿಲೈಸೇಶನ್ 7ಕ್ಕೆ ಬಂದ ಮಿಶ್ರ ಪ್ರತಿಕ್ರಿಯೆಯಲ್ಲಿ ಈ ದೂರು ದೊಡ್ಡದಾಗಿತ್ತು. ನನಗೂ ಈ ಪರಿಹಾರ ಹಿಡಿಸಲಿಲ್ಲ. ಮಧ್ಯಭಾಗದ ಬೇಸರವನ್ನು ಕಡಿಮೆ ಮಾಡಲು ಹೋಗಿ ಆಟಗಾರನ ಮಮತೆಯನ್ನು ಕಡಿಮೆ ಮಾಡಿದರೆ, ಇಂಥ ಆಟಗಳಲ್ಲಿ ಮಮತೆಯೇ ದೊಡ್ಡ ಬಂಡವಾಳವಾಗಿರುವುದರಿಂದ, ನಷ್ಟವೇ ಹೆಚ್ಚೆಂದು ನನ್ನ ಅಭಿಪ್ರಾಯ.

ಇನ್ನು ಎದುರಾಳಿಯ ಮಾತು. ಕಂಪ್ಯೂಟರ್ ಎದುರಾಳಿಗಳು ಪೆದ್ದಾಗಿವೆಯೆಂಬ ದೂರು ಬಹುತೇಕ ಎಲ್ಲ ಸ್ಟ್ರಾಟಜಿ ಆಟಗಳ ಬಗ್ಗೆಯೂ ಇದೆ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಚದುರಂಗದಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿತು, 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ‘ಗೋ’ ಎಂಬ ಹಾಸಿನಾಟದಲ್ಲಿ ಹೆಸರಾಂತ ಆಟಗಾರ ಲೀ ಸೆಡಾಲ್ ಅವರನ್ನು 4–1ರಿಂದ ಸೋಲಿಸಿತು. ಹಾಗಿರುವಾಗ ನನ್ನ ಮನೆಯ ಕಂಪ್ಯೂಟರಿಗೆ ಒಂದು ನದಿ ದಾಟಲು ಏಕೆ ಬರುವುದಿಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಚದುರಂಗದ ಮೂಲ ನಿಯಮಗಳು ಶತಮಾನಗಳಿಂದ ಬದಲಾಗಿಲ್ಲ. ಹೊಸ ಆಟವೊಂದರ ನಿಯಮಗಳಾದರೋ ಬಿಡುಗಡೆಯ ಹಿಂದಿನ ತಿಂಗಳವರೆಗೂ ಬದಲಾಗುತ್ತಿರುತ್ತವೆ, ಆಮೇಲೂ ಪ್ರತಿ ಅಪ್‌ಡೇಟಿನಲ್ಲಿ ಬದಲಾಗುತ್ತವೆ. ನಿಯಮಗಳು ನೆಲೆ ನಿಲ್ಲುವವರೆಗೆ ಎದುರಾಳಿಗೆ ಏನನ್ನು ಕಲಿಸಬೇಕೆಂದೇ ತಿಳಿಯುವುದಿಲ್ಲವಾದ್ದರಿಂದ ಆ ಕೆಲಸ ಕೊನೆಗೆ ಉಳಿಯುತ್ತದೆ, ಮತ್ತು ಕೊನೆಗೆ ಉಳಿದ ಕೆಲಸಕ್ಕೆ ಸಮಯ ಸಾಲುವುದಿಲ್ಲ. ಅದರ ಮೇಲೆ ಆ ಎದುರಾಳಿ ಸಾಧಾರಣ ಯಂತ್ರವೊಂದರ ಮೇಲೆ ಕೆಲವೇ ಕ್ಷಣಗಳಲ್ಲಿ ಹತ್ತಾರು ಪಡೆಗಳನ್ನು ನಡೆಸಬೇಕು.

ನಿಯಮದ ಒಂದು ಸಣ್ಣ ಬದಲಾವಣೆಯೂ ಎದುರಾಳಿಯನ್ನು ಕುಂಟನನ್ನಾಗಿ ಮಾಡಬಲ್ಲದು. 2005ರ ಸಿವಿಲೈಸೇಶನ್ 4ರಲ್ಲಿ ಒಂದೇ ಚೌಕದ ಮೇಲೆ ಎಷ್ಟು ಪಡೆಗಳನ್ನಾದರೂ ಪೇರಿಸಬಹುದಿತ್ತು, ಹಾಗಾಗಿ ಕಂಪ್ಯೂಟರ್ ದೊಡ್ಡ ದಂಡನ್ನು ಒಟ್ಟುಗೂಡಿಸಿ ನೇರವಾಗಿ ನಗರದ ಬಾಗಿಲಿಗೆ ತರುತ್ತಿತ್ತು. 2010ರ ಐದನೆಯ ಭಾಗದಲ್ಲಿ ಚೌಕಗಳು ಷಟ್ಕೋನಗಳಾದವು, ಒಂದು ಷಟ್ಕೋನದಲ್ಲಿ ಒಂದೇ ಯುದ್ಧಪಡೆ ಎಂಬ ನಿಯಮ ಬಂತು. ಮನುಷ್ಯನಿಗೆ ಇದರಿಂದ ಯುದ್ಧ ಸೊಗಸಾಯಿತು, ಮುಂದೆ ಕತ್ತಿ ಹಿಂದೆ ಬಿಲ್ಲು ಎಂದು ಸಾಲು ಕಟ್ಟುವ ಸುಖ ಸಿಕ್ಕಿತು. ಕಂಪ್ಯೂಟರ್ ಮಾತ್ರ ತನ್ನ ಪಡೆಗಳಿಗೇ ದಾರಿ ಬಿಡಲಾರದೆ ಬಿಲ್ಲುಗಾರರನ್ನು ಮುಂದಕ್ಕೆ ತಂದು, ಕತ್ತಿಯವರನ್ನು ಒಬ್ಬೊಬ್ಬರಾಗಿ ನದಿಗಿಳಿಸಿ, ದಡದಲ್ಲಿ ಕಾದಿದ್ದವರ ಕೈಗೆ ಕೊಡತೊಡಗಿತು. ಕಷ್ಟದ ಮಟ್ಟ ಏರಿಸಿದರೆ ಸರಿಹೋಗುತ್ತದೆಂದು ನೀವು ಪ್ರಯತ್ನಿಸಿರಬಹುದು. ಸಾಮಾನ್ಯವಾಗಿ ಮೇಲಿನ ಮಟ್ಟಗಳಲ್ಲಿ ಎದುರಾಳಿಯ ಬುದ್ಧಿ ಬೆಳೆಯುವುದಿಲ್ಲ, ಅದರ ಬೊಕ್ಕಸ ಬೆಳೆಯುತ್ತದೆ: ಆರಂಭದಲ್ಲೇ ಹೆಚ್ಚು ವಲಸಿಗರು, ಹೆಚ್ಚು ಸೈನಿಕರು, ಪ್ರತಿ ಸರದಿಗೆ ಹೆಚ್ಚು ಉತ್ಪಾದನೆ. ಹೀಗಾಗಿ ಮೊದಲ ಐವತ್ತು ಸರದಿ ನೀವು ಉಸಿರು ಬಿಗಿಹಿಡಿದು ಉಳಿದುಕೊಳ್ಳುತ್ತೀರಿ, ಅದನ್ನು ದಾಟಿದ ಮೇಲೆ ಅದೇ ಬೇಸರದ ಬಯಲು ಮತ್ತೆ ತೆರೆದುಕೊಳ್ಳುತ್ತದೆ.

ಈಗ ನಿಮ್ಮ ಮನೆಯ ಸುದ್ದಿಗೆ ಬರುತ್ತೇನೆ. ಹಿಂದಿನ ಭಾಗವನ್ನು ಆಡುವಾಗ ನಿಮಗೆ ಒಂದೇ ಕೂರುವಿಕೆಗೆ ನಾಲ್ಕು ಗಂಟೆ ಸಿಗುತ್ತಿತ್ತು, ಪಕ್ಕದಲ್ಲಿ ತಮ್ಮನಿದ್ದ. ಆ ಆಟದಲ್ಲೂ ಸಪ್ಪೆ ಭಾಗಗಳಿದ್ದವೆಂದು ನಾನು ಖಚಿತವಾಗಿ ಹೇಳಬಲ್ಲೆ. ಆದರೆ ನೀವು ಕುದುರೆ ಸಾಕಣೆ ಮುಖ್ಯವೆಂದು, ಅವನು ಬಂದರು ಮುಖ್ಯವೆಂದು ಜಗಳವಾಡುತ್ತಾ ಕುಳಿತಿದ್ದ ನಲವತ್ತು ನಿಮಿಷ ಸಪ್ಪೆಯೆನಿಸಲು ಸಾಧ್ಯವೇ ಇರಲಿಲ್ಲ. ಆಟ ಕೊಡದಿದ್ದ ತೂಕವನ್ನು ನಿಮ್ಮ ತಮ್ಮ ಕೊಡುತ್ತಿದ್ದ. ಪಕ್ಕದಲ್ಲಿ ಕುಳಿತು ಪ್ರಶ್ನಿಸುವವನೊಬ್ಬನಿದ್ದರೆ ಉಗ್ರಾಣವೋ ಪಾಠಶಾಲೆಯೋ ಎಂಬುದೂ ದೊಡ್ಡ ಪ್ರಶ್ನೆಯಾಗುತ್ತದೆ.

ಈಗ ನಿಮಗೆ ಸಿಗುವುದು ಪಾಳಿ ಮುಗಿದ ಮೇಲಿನ ಮುಕ್ಕಾಲು ಗಂಟೆ, ಅದೂ ಮಗು ಮಲಗಿದ್ದರೆ, ತಂದೆಯವರಿಗೆ ಏನೂ ಬೇಕಿಲ್ಲದಿದ್ದರೆ. ಸ್ಟ್ರಾಟಜಿ ಆಟದ ಯೋಜನೆ ಪರದೆಯ ಮೇಲಿರುವುದಕ್ಕಿಂತ ಹೆಚ್ಚಾಗಿ ಆಡುವವನ ತಲೆಯಲ್ಲಿರುತ್ತದೆ. ಮಗು ಅತ್ತಾಗ ಎದ್ದು ಹೋಗಿ ಮೂರು ದಿನಗಳ ನಂತರ ಅದೇ ಸೇವ್, ಅಂದರೆ ಅರ್ಧಕ್ಕೆ ಉಳಿಸಿಟ್ಟ ಆಟ, ತೆರೆದರೆ, ಆ ಹಡಗನ್ನು ಅಲ್ಲಿಗೆ ಏಕೆ ಕಳುಹಿಸಿದ್ದೆ, ಯಾರ ಜೊತೆ ಒಪ್ಪಂದ ಮುಗಿಯುವುದಿತ್ತು ಎಂಬುದೆಲ್ಲ ಮಸುಕಾಗಿರುತ್ತದೆ. ನೆನಪು ಮಾಡಿಕೊಳ್ಳಲು ಹದಿನೈದು ನಿಮಿಷ ಹೋಗುತ್ತದೆ, ಹೊಸದಾಗಿ ಶುರುಮಾಡುವುದೇ ಸುಲಭವೆನಿಸುತ್ತದೆ. ನೀವು ಪದೇ ಪದೇ ಮೊದಲಿನಿಂದ ಶುರುಮಾಡುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ಸರಳ ಉಪಾಯವಿದೆ: ಏಳುವ ಮುನ್ನ ಒಂದು ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ. ‘ಉತ್ತರದ ಬಂದರು ಮುಗಿದ ಮೇಲೆ ಎರಡು ಹಡಗು, ನದಿಯಾಚೆಯವನು ದಂಡು ಕೂಡಿಸುತ್ತಿದ್ದಾನೆ’ ಎಂಬಷ್ಟಿದ್ದರೆ ಸಾಕು. ನಾನು ಬಹಳ ವರ್ಷಗಳಿಂದ ಹೀಗೆ ಬರೆದಿಡುತ್ತಿದ್ದೇನೆ. ನಕ್ಷೆಯ ಮೇಲೇ ಗುರುತು ನೆಟ್ಟು ಟಿಪ್ಪಣಿ ಬರೆಯುವ ಸೌಲಭ್ಯ ಸಿವಿಲೈಸೇಶನ್ 6ರಂಥ ಆಟಗಳಲ್ಲಿದೆ. ನಿಮ್ಮ ಆಟದಲ್ಲಿ ಇದ್ದರೆ ಬಳಸಿಕೊಳ್ಳಿ.

ಆಟದ ಪಾಲೆಷ್ಟು, ಸಮಯದ ಪಾಲೆಷ್ಟು ಎಂದು ನೀವೇ ಪರೀಕ್ಷಿಸಬಹುದು. ಹೊಸ ಆಟದ ಅರ್ಧಕ್ಕೆ ನಿಂತ ಒಂದು ಸೇವ್ ತೆಗೆದುಕೊಳ್ಳಿ, ಪಕ್ಕದಲ್ಲಿ ಕಾಗದ ಪೆನ್ನು ಇಟ್ಟುಕೊಂಡು ಇಪ್ಪತ್ತು ಸರದಿ ಆಡಿ. ಎರಡು ಆಯ್ಕೆಗಳ ನಡುವೆ ನಿಜವಾಗಿ ಅನುಮಾನ ಬಂದು ಕೈ ನಿಂತ ಸರದಿಗೆ ಒಂದು ಗೀಟು ಹಾಕಿ. ಸುಮ್ಮನೆ ಒತ್ತಿ ಮುಂದೆ ಹೋದ ಸರದಿಗೆ ಏನೂ ಬೇಡ. ಇನ್ನೊಂದು ದಿನ ಹಳೆಯ ಭಾಗದಲ್ಲಿ, ಅಷ್ಟೇ ಸಮಯದಲ್ಲಿ, ಅದೇ ಹಂತದ ಇಪ್ಪತ್ತು ಸರದಿ ಒಬ್ಬರೇ ಆಡಿ ನೋಡಿ. ಹಳೆಯದರಲ್ಲಿ ಹತ್ತು ಗೀಟು ಬಿದ್ದು ಹೊಸದರಲ್ಲಿ ಮೂರೇ ಬಿದ್ದರೆ ದೋಷ ಹೊಸ ಆಟದ್ದು. ಎರಡರಲ್ಲೂ ಮೂರೇ ಬಿದ್ದರೆ ಹಳೆಯ ಆಟದ ಸವಿಯಲ್ಲಿ ತಮ್ಮನ ಪಾಲು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತೆಂದು ತಿಳಿಯಬೇಕು. ನನ್ನ ಅನುಭವದಲ್ಲಿ ಈ ಪರೀಕ್ಷೆ ವಿಮರ್ಶೆಗಳನ್ನು ಓದುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಕಾಯಬೇಕೇ ಎಂಬುದಕ್ಕೆ ಹಿಂದಿನ ಆಟಗಳ ಚರಿತ್ರೆಯನ್ನು ನೋಡಬೇಕು. ಈಗ ಎಲ್ಲರೂ ಹೊಗಳುವ ಸಿವಿಲೈಸೇಶನ್ 5 ಬಿಡುಗಡೆಯಾದಾಗ ಹಳಬರಿಗೆ ನಿರಾಸೆ ತಂದಿತ್ತು. 2012ರಲ್ಲಿ ಬಂದ ವಿಸ್ತರಣೆ (ಮೂಲ ಆಟಕ್ಕೆ ಆಮೇಲೆ ಕೊಳ್ಳುವ ಸೇರ್ಪಡೆ) ಧರ್ಮ ಮತ್ತು ಗೂಢಚರ್ಯೆಯನ್ನು ಸೇರಿಸಿತು, 2013ರದ್ದು ವ್ಯಾಪಾರಮಾರ್ಗಗಳನ್ನೂ ವಿಶ್ವಸಭೆಯನ್ನೂ ಸೇರಿಸಿ ಮಧ್ಯಭಾಗಕ್ಕೆ ಮಾಡಲು ಕೆಲಸ ಕೊಟ್ಟಿತು. ಟೋಟಲ್ ವಾರ್: ರೋಮ್ 2 ಆಟ 2013ರ ಸೆಪ್ಟೆಂಬರಿನಲ್ಲಿ ದೋಷಗಳ ರಾಶಿಯೊಂದಿಗೆ ಬಂತು, ಒಂದು ವರ್ಷದ ನಂತರ ಅದರ ಪರಿಷ್ಕೃತ ರೂಪ ಕೊಂಡವರಿಗೆಲ್ಲ ಉಚಿತವಾಗಿ ಸಿಕ್ಕಿತು. ಇನ್ನೊಂದು ಬದಿಯನ್ನೂ ಹೇಳಬೇಕು. 2019ರಲ್ಲಿ ಬಂದ ಇಂಪರೇಟರ್: ರೋಮ್ ಆಟದ ನಿಯಮಗಳನ್ನು 2021ರ 2.0 ಆವೃತ್ತಿಯಲ್ಲಿ ಬಹಳಷ್ಟು ತಿದ್ದಿದರೂ, ಆಟ ನಿಜಕ್ಕೂ ಉತ್ತಮವಾದರೂ, ಹೋದ ಆಟಗಾರರು ಸಾಕಷ್ಟು ಸಂಖ್ಯೆಯಲ್ಲಿ ಹಿಂದಿರುಗಲಿಲ್ಲ, ಅದೇ ವರ್ಷ ಕೆಲಸ ನಿಂತುಹೋಯಿತು. 2003ರ ಮಾಸ್ಟರ್ ಆಫ್ ಓರಿಯಾನ್ 3 ಎಂಬ ಬಾಹ್ಯಾಕಾಶದ ಆಟ ಗ್ರಹಗಳ ಆಡಳಿತವನ್ನು ಕಂಪ್ಯೂಟರಿನ ಪ್ರತಿನಿಧಿಗಳಿಗೇ ವಹಿಸಿಬಿಟ್ಟಿತ್ತು. ಗುಂಡಿ ಒತ್ತುವ ಕೆಲಸ ಕಡಿಮೆಯಾಯಿತು, ಆದರೆ ಆಟಗಾರನಿಗೆ ತನ್ನದೆನ್ನುವ ನಿರ್ಧಾರವೂ ಉಳಿಯಲಿಲ್ಲ, ಆ ಹೆಸರಾಂತ ಸರಣಿ ಅಲ್ಲಿಂದ ಬಹಳ ವರ್ಷ ಮೇಲೇಳಲಿಲ್ಲ.

ಇವುಗಳಿಂದ ನಾನು ತಿಳಿದುಕೊಂಡದ್ದು ಇಷ್ಟು. ಅಂಕಿಗಳು ತಪ್ಪಿದ್ದರೆ, ಪರದೆಯ ಮೇಲಿನ ಮಾಹಿತಿ ಗೊಂದಲವಾಗಿದ್ದರೆ, ಆಟ ನಿಧಾನವಾಗಿದ್ದರೆ, ಎದುರಾಳಿ ಎಡವುತ್ತಿದ್ದರೆ ಒಂದೆರಡು ವರ್ಷಗಳಲ್ಲಿ ಸುಧಾರಿಸುತ್ತದೆಂದು ನಂಬಬಹುದು. ಆಟದ ಮೂಲ ಚಕ್ರವೇ, ಅಂದರೆ ಪ್ರತಿ ಸರದಿಯಲ್ಲಿ ನೀವು ಮಾಡುವ ಕೆಲಸವೇ, ನಿಮಗೆ ಹಿಡಿಸದಿದ್ದರೆ ಕಾದು ಪ್ರಯೋಜನವಿಲ್ಲ. ನಿಮ್ಮದು ಯಾವುದೆಂದು ಆ ಇಪ್ಪತ್ತು ಸರದಿಗಳ ಕಾಗದವೇ ಹೇಳುತ್ತದೆ. ಮೊದಲನೆಯದಾದರೆ ಆಟವನ್ನು ಕಂಪ್ಯೂಟರಿನಿಂದ ತೆಗೆದು ಒಂದು ವರ್ಷ ಮರೆತುಬಿಡಿ. ಎರಡನೆಯದಾದರೆ, ವಿಸ್ತರಣೆ ಬಂದ ಕೂಡಲೇ ಅದನ್ನೂ ಕೊಂಡರೆ ಸರಿಹೋಗಬಹುದೆಂಬ ಆಸೆಯಿಂದ ಇನ್ನಷ್ಟು ಹಣ ಹಾಕಬೇಡಿ. ಹಣ ವಾಪಸು ಕೇಳುವ ಅವಕಾಶ ನಿಮಗೆ ಮೀರಿಹೋಗಿರುತ್ತದೆ; ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ನಿಯಮದಂತೆ ಕೊಂಡು 14 ದಿನಗಳೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಮಾತ್ರ ಅದು ಸುಲಭ, ಮತ್ತು ಸ್ಟ್ರಾಟಜಿ ಆಟದ ದೋಷ ಹತ್ತನೆಯ ಗಂಟೆಗೆ ಮುನ್ನ ಕಾಣಿಸುವುದೇ ಅಪರೂಪ. ಮುಂದಿನ ಸಲ ಬಿಡುಗಡೆಯ ವಾರ ಕೊಳ್ಳದೆ, ಐವತ್ತು ಗಂಟೆಗಿಂತ ಹೆಚ್ಚು ಆಡಿದವರ ಅಭಿಪ್ರಾಯಗಳನ್ನೇ ಆರಿಸಿ ಓದಿ. ಸ್ಟೀಮ್‌ನಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲಿ ಆಡಿದ ಗಂಟೆಗಳ ಲೆಕ್ಕ ಇರುತ್ತದೆ.

ಈಗಿನ ನಿಮ್ಮ ಸಂಜೆಗಳಿಗೆ ಹೊಂದುವ ಆಟಗಳೂ ಇವೆ. 2018ರ ಇನ್‌ಟು ದ ಬ್ರೀಚ್ ಎಂಬುದರಲ್ಲಿ ಚದುರಂಗದಂತೆ ಎಂಟು ಅಡ್ಡ ಎಂಟು ಮನೆಗಳ ಹಾಸು, ನಿಮ್ಮವು ಮೂರೇ ಯಂತ್ರಗಳು. ಶತ್ರುಗಳು ಮುಂದೆ ಎಲ್ಲಿ ಹೊಡೆಯುತ್ತಾರೆಂಬುದನ್ನು ಆಟ ಮೊದಲೇ ತೋರಿಸುತ್ತದೆ, ಆ ಹೊಡೆತವನ್ನು ತಪ್ಪಿಸುವುದೋ, ತಿರುಗಿಸಿ ಅವರಿಗೇ ತಾಗಿಸುವುದೋ ನಿಮ್ಮ ಚಿಂತೆ. ಒಂದು ಕಾಳಗ ಕೆಲವೇ ಸರದಿಗಳಲ್ಲಿ ಮುಗಿಯುತ್ತದೆ, ತೂಕವಿಲ್ಲದ ಸರದಿ ಅದರಲ್ಲಿ ಒಂದೂ ಇಲ್ಲ. ಮಗು ಎದ್ದರೆ ಹಾಗೇ ಬಿಟ್ಟು ಹೋಗಬಹುದು. ತಲೆಯಲ್ಲಿ ಹೊತ್ತುಕೊಂಡು ಹೋಗಬೇಕಾದ ಯೋಜನೆ ಏನೂ ಇರುವುದಿಲ್ಲ, ಎಲ್ಲವೂ ಹಾಸಿನ ಮೇಲೇ ಕಾಣುತ್ತದೆ.

ಆದರೂ ನಾಗರಿಕತೆ ಕಟ್ಟುವ ಸುಖವೇ ಬೇಕೆಂದರೆ, ನಾನು ನಿಮಗೆ ಎಲ್ಲಕ್ಕಿಂತ ಮೊದಲು ಹೇಳುವುದು ದ ಬ್ಯಾಟಲ್ ಆಫ್ ಪಾಲಿಟೋಪಿಯಾ. 2016ರಲ್ಲಿ ಫೋನಿಗಾಗಿ ಬಂದ ಈ ಚಿಕ್ಕ ಆಟದಲ್ಲಿ ಒಬ್ಬರೇ ಆಡುವ ಒಂದು ಬಗೆ 30 ಸರದಿಗಳಿಗೇ ಮುಗಿಯುತ್ತದೆ, ಬೇಸರದ ಬಯಲು ತೆರೆದುಕೊಳ್ಳುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಇದೇ ಆಟವನ್ನು ದೂರದಲ್ಲಿರುವ ಇನ್ನೊಬ್ಬರ ಜೊತೆಗೂ, ಇಬ್ಬರೂ ಒಂದೇ ಹೊತ್ತಿಗೆ ಕೂರದೆ, ದಿನಕ್ಕೊಂದು ಸರದಿಯಂತೆ ಆಡಬಹುದು. ನೀವು ಪಾಳಿಗೆ ಹೊರಡುವ ಮುನ್ನ ನಿಮ್ಮ ನಡೆ ನಡೆಸಿ ಹೋಗುತ್ತೀರಿ, ತಮ್ಮ ರಾತ್ರಿ ಮನೆಗೆ ಬಂದು ತನ್ನದನ್ನು ನಡೆಸುತ್ತಾನೆ. ಸಿವಿಲೈಸೇಶನ್ 6ರಲ್ಲೂ ಹೀಗೆ ಸರದಿ ಕಳುಹಿಸಿ ಆಡುವ ಸೌಲಭ್ಯವಿದೆ, ಆದರೆ ಅದು ಮುಗಿಯಲು ತಿಂಗಳುಗಳೇ ಬೇಕು. ಮೊದಲು ಚಿಕ್ಕದರಿಂದ ಶುರುಮಾಡಿ. ದಿನಕ್ಕೆ ಒಂದೇ ಸರದಿ ಇರುವಾಗ ಅದನ್ನು ಸುಮ್ಮನೆ ಒತ್ತಿ ಮುಂದೆ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ, ಏಕೆಂದರೆ ಎದುರಿಗಿರುವವನು ನಿಮ್ಮ ಪ್ರತಿ ತಪ್ಪನ್ನೂ ಸಣ್ಣಂದಿನಿಂದ ಬಲ್ಲವನು. ಇಂದೇ ಅವನಿಗೆ ಕರೆ ಮಾಡಿ, ಮಗಳ ಹೊಸ ಹಲ್ಲಿನ ಸುದ್ದಿ ಹೇಳಿ, ಮೊದಲ ನಡೆಯನ್ನು ಅವನಿಗೇ ಬಿಟ್ಟುಕೊಡಿ.